ಕವಿಗೊಂದು ಎಲೆ

ದೋಹಾಕ್ಕೆ ಬಂದ ಮೇಲೂ ತಾರಾನಾಥ ತುಳುನಾಡಿನ ಒಂದು ಪದ್ಧತಿ ಬಿಟ್ಟಿರಲಿಲ್ಲ. ದೀಪಾವಳಿಗೆ ಅಲ್ ಗರಾಫಾದ ತನ್ನ ಫ್ಲ್ಯಾಟಿನಲ್ಲಿ, ತೀರಿಹೋದ ಹಿರಿಯರಿಗೆ ಎಲೆ ಹಾಕಿ ಬಡಿಸುತ್ತಿದ್ದ. ಬಾಳೆಲೆ ಸೂಪರ್‌ಮಾರ್ಕೆಟಿನದು, ಕೋಳಿಸಾರು ಹೆಂಡತಿ ಅಮಿತಾಳದು. ಬಡಿಸಿ ಬಾಗಿಲೆಳೆದು, ಹಿರಿಯರು ಉಂಡೇಳುವಷ್ಟು ಹೊತ್ತು ಮನೆಯವರು ಹೊರಗೆ ಮಾತಿಲ್ಲದೆ ಕೂರಬೇಕು. ಹಬ್ಬದಲ್ಲಿ ತಾರಾನಾಥನಿಗೆ ಹಿಡಿಸಿದ್ದು ಆ ಮೌನವೇ.

ಈ ಸಲ ಊಟಕ್ಕೆ ಡೀಟರ್ ಬಂದಿದ್ದ. ವೆಸ್ಟ್ ಬೇ ಆಫೀಸಿನಲ್ಲಿ ಪಕ್ಕದ ಮೇಜಿನ ಜರ್ಮನ್ ಇಂಜಿನಿಯರ್. ಅವನ ಮುತ್ತಜ್ಜ ದೇಶಭಕ್ತ ಕವಿ. ಆ ಕವಿಯ ಹಾಡು ಹಾಡುತ್ತ ಊರಿನ ಹುಡುಗರು ಮೊದಲ ಮಹಾಯುದ್ಧಕ್ಕೆ ಹೋದರು. ಬಹಳ ಮಂದಿ ತಿರುಗಿ ಬರಲಿಲ್ಲ. ಈಗ ಊರಿನವರು ಕವಿಯ ನೆನಪಿಗೊಂದು ಸಮಾರಂಭ ಇಟ್ಟುಕೊಂಡು, ಮಾತಾಡಲು ಡೀಟರನನ್ನು ಕರೆದಿದ್ದರು. ಸಂಜೆಯೊಳಗೆ ಉತ್ತರ ಕೊಡಬೇಕು. ಹೊಗಳಲು ಅವನಿಗೆ ಬಾಯಿ ಬಾರದು, ಬಯ್ಯಲು ಮನಸ್ಸು ಬಾರದು.

ಕೋಣೆಯೊಳಗೆ ಇಣುಕಿ ಅವನು, "ಆ ಕೊನೆಯ ಎಲೆ ಯಾರದು?" ಎಂದ.

"ನಿಮ್ಮ ಮುತ್ತಜ್ಜನದ್ದು," ಎಂದಳು ಅಮಿತಾ. "ನೀವು ಬಂದ ಮೇಲೆ ಅವರನ್ನು ಬಿಟ್ಟರೆ ಆಗ್ತದಾ? ಅವರಿಗೆ ಎಂತ ಇಷ್ಟ ಹೇಳಿ."

ಡೀಟರನ ಮುಖ ಬಿಗಿಯಿತು. "ಬಿಯರ್."

"ಅದು ಇಲ್ಲಿನ ಅರಬರು ಹೇಳುವ ಹಾಗೆ ಮಾಫಿ, ಇಲ್ಲವೇ ಇಲ್ಲ. ನಿಶೆ ಇಲ್ಲದ್ದು ಉಂಟು, ಸುಧಾರಿಸಿಕೊಳ್ಳಲಿ."

"ಕೇಳದೆ ಎಂತಕ್ಕೆ ಹಾಕಿದೆ ಮಾರಾಯ್ತಿ?" ಎಂದು ತಾರಾನಾಥ ಮೆಲ್ಲಗೆ ಗದರಿದ.

"ಅವನಿಗೆ ಈ ಗೌರವ ಬೇಡ," ಎಂದ ಡೀಟರ್.

"ಗೌರವ ಎಂತದ್ದು?" ಎಂದು ಅಮಿತಾ ಗಂಡನ ಕಡೆ ಕೈ ತೋರಿಸಿದಳು. "ಮೊದಲನೇ ಎಲೆ ಇವರ ಅಜ್ಜನದ್ದು. ಕುಡಿದು ಬಂದು ಅಜ್ಜಿಗೆ ಹೊಡೀತಿದ್ದ ಜನ. ಅದನ್ನೂ ಹೇಳಿಯೇ ಬಡಿಸುವುದು ನಾವು. ಹಾಗಂತ ಉಪವಾಸ ಕೆಡವುವುದಾ?"

ತಾರಾನಾಥನಿಗೆ ನಗು ತಡೆಯಲಾಗಲಿಲ್ಲ. ಡೀಟರ್ ನಗಲಿಲ್ಲ, ಎಲೆಗಳನ್ನೇ ನೋಡುತ್ತ ನಿಂತುಬಿಟ್ಟ.

"ಇನ್ನೊಂದು ಎಲೆ ಇದೆಯಾ?" ಎಂದು ಕೊನೆಗೆ ಡೀಟರ್ ಕೇಳಿದ. "ನನ್ನ ಅಜ್ಜನಿಗೊಬ್ಬ ಅಣ್ಣನಿದ್ದ. ಅಪ್ಪನ ಹಾಡು ಹಾಡುತ್ತಲೇ ಯುದ್ಧಕ್ಕೆ ಹೋಗಿ ಸತ್ತ. ಊರಿನ ಭಾಷಣಗಳಲ್ಲಿ ಅವನ ಹೆಸರು ಬರುವುದೇ ಇಲ್ಲ."

ಅಮಿತಾ ಎಲೆ ತೊಳೆದು ತಂದು ಕವಿಯ ಪಕ್ಕಕ್ಕೆ ಹಾಕಿದಳು. "ಹುಡುಗ ಅಲ್ವಾ, ಕಾಲಿನ ಪೀಸ್ ಇವನಿಗೇ."

ಬರುತ್ತೇನೆ, ಅಪ್ಪ ಮಗ ಇಬ್ಬರ ಕುರಿತೂ ಮಾತಾಡುತ್ತೇನೆ ಎಂದು ಡೀಟರ್ ಫೋನಿನಲ್ಲಿ ಊರಿಗೆ ಬರೆದು ಕಳಿಸಿದ. ತಾರಾನಾಥ ಬಾಗಿಲೆಳೆದ. ಮೂವರೂ ಸೋಫಾದಲ್ಲಿ ಸಾಲಾಗಿ ಕೂತರು. ಒಳಗಿನವರಿಗೆ ಅವಸರವೇನೂ ಇದ್ದಂತಿರಲಿಲ್ಲ.