ಬಾಯಿಪಾಠದ ಬೋರ್ಡು

ಬದುಕಿನಲ್ಲಿ ಮಾಡಬಾರದ ತಪ್ಪುಗಳು ಯಾವುವೆಂದು ಕೇಳಿದರೆ ಜನ ಉದ್ದನೆಯ ಪಟ್ಟಿ ಕೊಡುತ್ತಾರೆ. ಕನ್ನಡಕದ ಅಂಗಡಿಯವನಾದ ನನ್ನ ಪಟ್ಟಿಯಲ್ಲಿ ಇರುವುದು ಒಂದೇ. ಅದನ್ನು ನಾನೇ ಮಾಡಿದ್ದರಿಂದ ಅಧಿಕಾರದಿಂದ ಹೇಳಬಲ್ಲೆ.

ಮೂವತ್ತೊಂದು ವರ್ಷದಿಂದ ಗಿರಾಕಿಗಳನ್ನು ಕುರ್ಚಿಯಲ್ಲಿ ಕೂರಿಸಿ ಎದುರು ಗೋಡೆಯ ಅಕ್ಷರದ ಬೋರ್ಡು ಓದಿಸುತ್ತಿದ್ದೇನೆ. ಇದೂ ಶಾಲೆಯ ಪರೀಕ್ಷೆಯೇ ಎಂಬಂತೆ ಕೆಲವರು ಊಹೆ ಮಾಡಿಯಾದರೂ ಪಾಸಾಗಲು ನೋಡುತ್ತಾರೆ. ಅವರಿಗೆಲ್ಲ ನನ್ನದು ಒಂದೇ ಮಾತು: "ಕಾಣಲ್ಲ ಅಂದ್ರೆ ಕಾಣಲ್ಲ ಅನ್ನಿ. ಇಲ್ಲಿ ಫೇಲ್ ಆದೋರಿಗೇ ಲಾಭ."

ಒಳಕೋಣೆಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವವಳು ನನ್ನ ತಂಗಿ. ನಾನು ಬಾಗಿಲ ಚೌಕಟ್ಟಿನ ಎಡಗಡೆಗೆ ಭುಜ ಬಡಿದುಕೊಳ್ಳುವುದನ್ನು ಮೊದಲು ಕಂಡವಳೂ ಅವಳೇ. ವಾರದಲ್ಲಿ ಮೂರು ಸಲ ಎಡಗೈ ಪಕ್ಕದ ಲೋಟ ಉರುಳಿಸಿದೆ. ಇಟ್ಟವರದೇ ತಪ್ಪೆಂದು ರೇಗಿದೆ. ನಾನು ತಿರುಪು ಬಿಗಿದುಕೊಟ್ಟ ಕನ್ನಡಕ ಸೊಟ್ಟಗೆ ಕೂರುತ್ತದೆಂದು ಒಬ್ಬ ಮೇಷ್ಟ್ರು ವಾಪಸು ಬಂದರು. ಸೊಟ್ಟಗಿರುವುದು ನಿಮ್ಮ ಮೂಗು ಎಂದು ಕಳಿಸಿಬಿಟ್ಟೆ.

ಕಣ್ಣಾಸ್ಪತ್ರೆಗೆ ಹೋಗೋಣವೆಂದು ತಂಗಿ ಗೋಗರೆದಳು. ಕೋಪ ನನಗೆ ಮೂಗಿನ ತುದಿಯಲ್ಲೇ. ನನಗೇ ಕಣ್ಣಿನ ವಿಷಯ ಹೇಳಿಕೊಡುತ್ತೀಯಾ ಎಂದು ಹಾರಾಡಿ, ಕುರ್ಚಿಯಲ್ಲಿ ಕೂತು, ಬಲಗಣ್ಣನ್ನು ಅಂಗೈಯಿಂದ ಮುಚ್ಚಿ, ಕೊನೆಯ ಸಾಲಿನವರೆಗೆ ಒಂದೇ ಉಸಿರಿಗೆ ಓದಿಬಿಟ್ಟೆ. ಅವಳು ಒಳಗೆ ಹೋದಳು. ಗೆದ್ದೆನೆಂದುಕೊಂಡೆ.

ಮರುದಿನ ಅಂಗಡಿ ತೆರೆಯುವ ಮೊದಲೇ, ಇನ್ನೊಮ್ಮೆ ಓದು, ಆಮೇಲೆ ಈ ಮಾತೇ ಎತ್ತುವುದಿಲ್ಲ ಎಂದಳು. ಬಲಗಣ್ಣು ಮುಚ್ಚಿಕೊಂಡು ಇನ್ನೂ ಗಟ್ಟಿಯಾಗಿ ಓದಿದೆ. ಕೈ ತೆಗೆದು ನೋಡಿದರೆ ಅವಳ ಕಣ್ಣು ತುಂಬಿತ್ತು.

"ಬೆಳಿಗ್ಗೆ ಬೋರ್ಡು ಬದಲಾಯಿಸಿದೀನಿ, ಅಣ್ಣ. ನೀನು ಓದಿದ ಒಂದು ಸಾಲೂ ಇದರಲ್ಲಿಲ್ಲ."

ನಾನು ಸುಳ್ಳು ಹೇಳಿರಲಿಲ್ಲ. ನಾಲಿಗೆಗೆ ಬಂದದ್ದನ್ನು ಕಣ್ಣೇ ಕಂಡಿತೆಂದು ನಂಬಿದ್ದೆ. ಉತ್ತರ ಗೊತ್ತಿರುವ ಪರೀಕ್ಷೆಯನ್ನೇ ನನಗೆ ನಾನು ಕೊಟ್ಟುಕೊಂಡು, ವರ್ಷವರ್ಷವೂ ಪಾಸಾಗುತ್ತ ಬಂದಿದ್ದೆ. ನಾನು ಹೇಳುವ ತಪ್ಪು ಇದೇ.

ಆಸ್ಪತ್ರೆಯ ಬೋರ್ಡು ನನಗೆ ಹೊಸದು. ಡಾಕ್ಟರಮ್ಮ ಬಲಗಣ್ಣು ಮುಚ್ಚಿಸಿ, ಕೋಲಿನಿಂದ ಎರಡನೆಯ ಸಾಲು ತೋರಿಸಿದರು. ಏನೋ ದುಂಡಗಿನದೊಂದು ಮಸುಕಾಗಿತ್ತು. ಊಹಿಸಿ ಹೇಳಲು ನಾಲಿಗೆ ತುರಿಸಿತು. ಪಕ್ಕದಲ್ಲಿ ತಂಗಿ ಉಸಿರು ಬಿಗಿಹಿಡಿದಿದ್ದಳು.

"ಕಾಣಲ್ಲಮ್ಮ," ಎಂದೆ. ಮೂವತ್ತೊಂದು ವರ್ಷದಲ್ಲಿ ಆ ಮಾತನ್ನು ನನ್ನ ಕಣ್ಣಿನ ಬಗ್ಗೆ ನಾನು ಹೇಳಿದ್ದು ಅದೇ ಮೊದಲು.

ಒಳಗಿನ ಒತ್ತಡ ಹೆಚ್ಚಿ ಎಡಗಣ್ಣಿನಲ್ಲಿ ಹೋದ ದೃಷ್ಟಿ ಮರಳುವುದಿಲ್ಲ, ಇನ್ನೂ ತಡಮಾಡಿದ್ದರೆ ಬಲಗಣ್ಣೂ ಅದೇ ದಾರಿ ಹಿಡಿಯುತ್ತಿತ್ತು ಎಂದರು ಡಾಕ್ಟರಮ್ಮ. ಈಗ ಎರಡು ಹೊತ್ತೂ ಔಷಧಿ ಹನಿ ಬಿಡುತ್ತಾಳೆ ತಂಗಿ. ತಿರುಪು ಬಿಗಿಯುವ ಕೆಲಸವೂ ಅವಳದೇ. ಬೋರ್ಡನ್ನು ತಿಂಗಳಿಗೊಮ್ಮೆ ನನಗೆ ಹೇಳದೆ ಬದಲಾಯಿಸುತ್ತಾಳೆ, ನಾನು ಕೇಳುವುದೂ ಇಲ್ಲ.

ಆಸ್ಪತ್ರೆಯಿಂದ ಬಂದ ಮರುದಿನವೇ ಮೇಷ್ಟ್ರ ಮನೆ ಹುಡುಕಿಕೊಂಡು ಹೋಗಿ ಕ್ಷಮೆ ಕೇಳಿ, ಅಂಗಡಿಗೆ ಕರೆತಂದೆ. ತಂಗಿ ಹೊಸ ಕನ್ನಡಕ ತೊಡಿಸಿದಳು. ನಾನು ಕನ್ನಡಿ ಹಿಡಿದು ಬಲಗಣ್ಣಿನಿಂದ ಸರಿಯಾಗಿ ನೋಡಿದೆ. ಅವರ ಮೂಗು ನೆಟ್ಟಗೇ ಇತ್ತು.