ಖಾಲಿ ಜಾಗ ಕಂಡರಾಗದ ಎಫ್ರೆನ್

ಎಫ್ರೆನ್‌ಗೆ ಖಾಲಿ ಜಾಗ ಕಂಡರಾಗುತ್ತಿರಲಿಲ್ಲ. ಹಡಗಿನಲ್ಲಿ ಊರಿಗೆ ಕಳಿಸುವ ಸೊಂಟದೆತ್ತರದ ರಟ್ಟಿನ ಪೆಟ್ಟಿಗೆಯನ್ನು ಅವನು ತುಂಬುವ ಚೆಂದವನ್ನು ನೋಡಲೆಂದೇ ತೈವಾನಿನ ತೈಚುಂಗ್ ನಗರದ ಕಾರ್ಖಾನೆಯ ವಸತಿಗೃಹದಲ್ಲಿ ಜನ ಊಟ ಬಿಟ್ಟು ಬಂದು ನಿಲ್ಲುತ್ತಿದ್ದರು: ಬೂಟಿನೊಳಗೆ ಸಾಬೂನು, ಸಾಬೂನಿನ ಸಂದಿಗೆ ಕಾಫಿಪುಡಿಯ ಪೊಟ್ಟಣ, ಕಾಲುಚೀಲದೊಳಗೆ ಪೇಸ್ಟು, ಪಾತ್ರೆಯೊಳಗೆ ಪಾತ್ರೆ, ಒಳಗಿನ ಪಾತ್ರೆಯಲ್ಲಿ ಮಗುವಿನ ಲಂಗ. ಇನ್ನೊಂದು ಸೂಜಿಯೂ ಹಿಡಿಯದೆಂದು ಉಳಿದವರು ಕೈಚೆಲ್ಲಿದ ಮೇಲೆ ಅವನು ತಲೆಯನ್ನು ಓರೆಮಾಡಿ, ಬಸುರಿಯ ಹೊಟ್ಟೆ ಮುಟ್ಟಿ ನೋಡುವ ಸೂಲಗಿತ್ತಿಯ ಹಾಗೆ ಪೆಟ್ಟಿಗೆಯ ಮಗ್ಗುಲನ್ನು ಅಂಗೈಯಿಂದ ಮೆಲ್ಲಗೆ ಒತ್ತಿ, "ಇನ್ನೂ ಜಾಗ ಇದೆ" ಎನ್ನುತ್ತಿದ್ದ. ಇರುತ್ತಿತ್ತು ಕೂಡ.

ಅವನ ನಡಿಗೆಯೂ ಹಾಗೇ. ಬರಿಗೈಯಲ್ಲಿದ್ದರೂ ಎಡಗೈಯಲ್ಲಿ ಭಾರವೇನೋ ಇದ್ದವನಂತೆ ಒಂದು ಪಕ್ಕಕ್ಕೆ ವಾಲಿಕೊಂಡು ನಡೆಯುವನು. ಕಾರ್ಖಾನೆಯವರು ಕೊಟ್ಟ ನೀಲಿ ಜಾಕೀಟಿಗೆ ತಾನೇ ಒಳಗಡೆ ಎರಡು ಜೇಬು ಹೊಲಿದುಕೊಂಡಿದ್ದ. ಅದರಲ್ಲಿ ಟೇಪಿನ ಸುರುಳಿ, ಕಡಲೆಕಾಯಿ, ಯಾರದೋ ಬೀಗದ ಕೈ, ಮತ್ಯಾರಿಗೋ ತಲುಪಿಸಬೇಕಾದ ಔಷಧ. ಅಪ್ಪಿಕೊಂಡರೆ ಗಂಡನಿಗಿಂತ ಮೊದಲು ಅವನ ಸಾಮಾನು ತಗಲುತ್ತದೆ ಎಂದು ಹೆಂಡತಿ ರೊವೆನಾ ನಗೆಯಾಡುತ್ತಿದ್ದಳು.

ಸಾಮಾನಿನ ಮಾತಿರಲಿ, ಮೌನವೂ ಅವನಿಗೆ ತುಂಬಬೇಕಾದ ಒಂದು ಸಂದಿಯೇ. ಒಂದೂವರೆ ವರ್ಷದ ಮಗಳು ಟಿನ್‌ಟಿನ್‌ಳನ್ನು ತಂಗಿ ಜೋಸಿಯ ಮಡಿಲಲ್ಲಿ ಬಿಟ್ಟು ರೊವೆನಾ ತೈವಾನಿಗೆ ಹೊರಟ ದಿನ, ರಜೆಗೆ ಬಂದಿದ್ದ ಎಫ್ರೆನ್ ವಿಮಾನ ನಿಲ್ದಾಣದಲ್ಲಿ ಒಂದರ ಹಿಂದೊಂದು ಹಾಸ್ಯ ಹೇಳಿ ಬೀಳ್ಕೊಡಲು ಬಂದ ಬಳಗವನ್ನೆಲ್ಲ ನಗಿಸಿಬಿಟ್ಟಿದ್ದ. ಯಾರೂ ಅಳಲಿಲ್ಲ. ಎಂಥ ಗಂಡನಮ್ಮಾ ನಿನಗೆ ಎಂದು ಎಲ್ಲರೂ ಮೆಚ್ಚಿಕೊಂಡರು. ರೊವೆನಾ ವಿಮಾನದ ಶೌಚಾಲಯದಲ್ಲಿ, ಎದೆ ಕಟ್ಟಿ ಹಾಲು ಒಸರುತ್ತಿದ್ದ ರವಿಕೆಯನ್ನು ಕಾಗದದಿಂದ ಒರೆಸಿಕೊಳ್ಳುತ್ತ, ಒಬ್ಬಳೇ ಅತ್ತಳು.

ಅವಳಿಗೆ ತೈನಾನಿನಲ್ಲಿ ಹಾಸಿಗೆ ಹಿಡಿದ ಒಬ್ಬ ಅಜ್ಜಿಯನ್ನು ನೋಡಿಕೊಳ್ಳುವ ಕೆಲಸ, ಅವನದು ತೈಚುಂಗಿನಲ್ಲಿ. ಒಂದೇ ದೇಶದಲ್ಲಿದ್ದೂ ಗಂಡಹೆಂಡಿರು ಕೂಡುತ್ತಿದ್ದದ್ದು ಹಬ್ಬಕ್ಕೊಮ್ಮೆ. ಮೂರು ವರ್ಷದ ಕರಾರು ಮುಗಿಯುವ ಹೊತ್ತಿಗೆ ಅಜ್ಜಿಯ ಮಗ ಇನ್ನೂ ಮೂರು ವರ್ಷ ಇರುತ್ತೀಯಾ ಎಂದು ಕೇಳಿ, ಸೋಮವಾರದೊಳಗೆ ಉತ್ತರ ಬೇಕೆಂದ. ಎಫ್ರೆನ್ ಊರಿಗೆ ಮರಳಲು ಇನ್ನೂ ಬಹುಕಾಲವಿತ್ತು; ಹೋಗುವುದಾದರೆ ಅವಳೊಬ್ಬಳೇ ಹೋಗಬೇಕು. ಹೋಗಬೇಕೆಂದೇ ಅವಳ ಕರುಳು. ಆದರೆ ಗಂಡನ ಬಾಯಿಂದ ಒಮ್ಮೆ "ಹೋಗು" ಎಂದು ಕೇಳದೆ ಹೋಗಲಾರಳು. ಇಂಥ ಮಾತು ಫೋನಿನಲ್ಲಿ ಆಡುವಂಥದ್ದಲ್ಲವೆಂದು, ಅಜ್ಜಿಯ ಮಗಳು ಬಂದಿರುವ ಎರಡು ದಿನ ರಜೆ ಬೇಡಿ, ತೈಪೆಗೆ ಬಾ ಎಂದು ಅವನನ್ನು ಕರೆಸಿದಳು.

ಅವನು ಬಂದದ್ದು ಎರಡು ಚೀಲಗಳೊಡನೆ. ಒಂದರಲ್ಲೂ ಅವನ ಬಟ್ಟೆಯಿರಲಿಲ್ಲ. ತೈಪೆಗೆ ಹೋಗುತ್ತಿದ್ದೇನೆಂದು ವಸತಿಗೃಹದಲ್ಲಿ ಬಾಯಿ ತಪ್ಪಿ ಅಂದದ್ದೇ ತಡ, ಹತ್ತು ಜನ ಹತ್ತು ಕೆಲಸ ಒಪ್ಪಿಸಿದ್ದರು; ಅವನು ಯಾವುದಕ್ಕೂ ಇಲ್ಲವೆಂದಿರಲಿಲ್ಲ. ಶನಿವಾರ ಅವರ ಸಾಮಾನು ತಲುಪಿಸುವುದರಲ್ಲೇ ಸಂದುಹೋಯಿತು. ಭಾನುವಾರ ಚರ್ಚಿನ ಪೂಜೆ ಮುಗಿಸಿ, ನಮ್ಮ ದೇಶದವರ ಅಂಗಡಿಗಳಿರುವ ಓಣಿಯಲ್ಲಿ ಹುಣಸೆಹಣ್ಣಿನ ಹಂದಿಸಾರು, ಅನ್ನ ಉಂಡು ಹೊರಬಂದರೆ ಪಕ್ಕದ ಕಟ್ಟೆಯಲ್ಲಿ ಒಬ್ಬ ಹೆಂಗಸು ಮುಚ್ಚಲಾಗದ ಪೆಟ್ಟಿಗೆಯ ಮೇಲೆ ಕೂತು ಏದುಸಿರು ಬಿಡುತ್ತಿದ್ದಳು. ಎಫ್ರೆನ್ ಜಾಕೀಟು ಬಿಚ್ಚಿ ರೊವೆನಾಳ ಕೈಗೆ ಕೊಟ್ಟ. ಒಂದು ಪೆಟ್ಟಿಗೆ ಎರಡಾಯಿತು, ಎರಡು ನಾಲ್ಕಾಯಿತು. ಗುರುತಿಲ್ಲದವರೆಲ್ಲ ಅಣ್ಣ, ಅಣ್ಣ ಎನ್ನುತ್ತ ಸುತ್ತುವರಿದರು. ರೊವೆನಾ ಮಕ್ಕಳಂಗಡಿಯ ಗಾಜಿಗೆ ಒರಗಿ, ನಾಲ್ಕು ವರ್ಷದವಳಿಗೆ ಈಗ ಯಾವ ಅಳತೆಯ ಅಂಗಿ ಹಿಡಿದೀತೆಂದು ಕಣ್ಣಳತೆಯಲ್ಲೇ ನೋಡುತ್ತ ನಿಂತಳು.

"ಅಣ್ಣಾ, ಹೆಂಡ್ತಿ ಮುಖ ನೋಡು, ಬಾಡಿಹೋಗಿದೆ. ಅವಳನ್ನೂ ಪೆಟ್ಟಿಗೇಲಿ ಹಾಕಿ ಊರಿಗೆ ಕಳಿಸಿಬಿಡ್ತೀಯಾ ಹೇಗೆ?" ಎಂದು ಪೆಟ್ಟಿಗೆಯ ಹೆಂಗಸು ಕೆಣಕಿದಳು.

"ಇವಳನ್ನ ಮಡಚೋಕಾಗಲ್ಲಕ್ಕ. ಮೊಣಕೈ ಚೂಪು, ರಟ್ಟು ಹರಿದುಬಿಡುತ್ತೆ."

ಎಲ್ಲರೂ ನಕ್ಕರು. ರೊವೆನಾಳೂ ನಕ್ಕಳು, ಆದರೆ ಆ ಮಾತಾಡುವಾಗ ಗಂಡ ತನ್ನತ್ತ ನೋಡದೆ ಟೇಪಿನ ಕೊನೆಯನ್ನು ಉಗುರಿನಿಂದ ಹುಡುಕುತ್ತಿದ್ದುದು ಅವಳ ಮನಸ್ಸಿನಲ್ಲಿ ನಿಂತಿತು.

ತಾಮ್‌ಸುಯ್ ನದಿಯ ದಂಡೆಗೆ ಅವರು ಬಂದಾಗ ಹೊತ್ತು ಇಳಿದಿತ್ತು. ನೀರು ತಾಮ್ರದ ಬಣ್ಣಕ್ಕೆ ತಿರುಗಿತ್ತು. ಬೆಂಚಿನ ಮೇಲೆ ಕೂತು, ಕಡ್ಡಿಗೆ ಚುಚ್ಚಿ ಸುಟ್ಟ ಮೀನನ್ನು ಇಬ್ಬರೂ ಹಂಚಿಕೊಂಡು ತಿಂದ ಮೇಲೆ ರೊವೆನಾ ನೇರ ಮಾತಿಗೆ ಬರಲಾರದೆ ಬಳಸುದಾರಿ ಹಿಡಿದಳು.

"ಮೊನ್ನೆ ಟಿನ್‌ಟಿನ್ ಫೋನಲ್ಲಿ ಜೋಸೀನ ಅಮ್ಮಾ ಅಂತ ಕೂಗಿದಳು. ಆಮೇಲೆ ನನ್ನ ನೋಡಿ ನಾಲಿಗೆ ಕಚ್ಚಿಕೊಂಡಳು. ನಾಲ್ಕು ವರ್ಷದ ಕೂಸು, ನನಗೆ ಬೇಜಾರಾಗುತ್ತೆ ಅಂತ ಅದಕ್ಕೆ ಗೊತ್ತಾಗಿದೆ."

ಎಫ್ರೆನ್ ಸುಮ್ಮನಾದ. ಮದುವೆಯಾದಾಗಿನಿಂದ ಅವಳು ಕಾಣದಿದ್ದ ಮೌನ ಅದು. ಅದರೊಳಗೆ ದಂಡೆಗೆ ಬಡಿಯುವ ನೀರಿನ ಸದ್ದೂ ಕೇಳಿಸುತ್ತಿತ್ತು. ಅವಳು ಉಸಿರೆಳೆದುಕೊಂಡಳು. ಅಷ್ಟರಲ್ಲಿ ಆಚೆ ಒಂದು ಕುಟುಂಬ, ಎಲ್ಲರೂ ಒಂದೇ ಚಿತ್ರದಲ್ಲಿ ಬರುವುದು ಹೇಗೆಂದು ತಿಣುಕುತ್ತಿತ್ತು. ಯಾರೂ ಅವನನ್ನು ಕರೆದಿರಲಿಲ್ಲ. ಅವನೇ ಎದ್ದುಹೋದ. ಅಜ್ಜನನ್ನು ನಡುವೆ ಕೂರಿಸಿ, ಮಕ್ಕಳನ್ನು ಸಂದಿಗೆ ತೂರಿಸಿ, ಒಂದರ ಮೇಲೊಂದು ಚಿತ್ರ ತೆಗೆದ. ಮರಳಿ ಬಂದಾಗ ಅವಳ ರೈಲಿನ ಹೊತ್ತಾಗಿತ್ತು. ನಿಲ್ದಾಣದಲ್ಲಿ ಅವಳ ಚೀಲಕ್ಕೆ ಕಿತ್ತಳೆ ತುರುಕಿದ, ಕಿತ್ತಳೆಯ ಮೇಲೆ ಬನ್ನು ತುರುಕಿದ, ದಾರಿಗೆ ಬೇಕಾಗುತ್ತದೆ ಎಂದ. ಸೋಮವಾರ ಅವಳು ಕರಾರಿಗೆ ಸಹಿ ಹಾಕಿದಳು.

ಎರಡು ವರ್ಷದ ಮೇಲೆ, ಟಿನ್‌ಟಿನ್ ಹೆತ್ತವಳನ್ನು "ರೊವೆನಾ ಅಮ್ಮ" ಎಂದು ಹೆಸರು ಸೇರಿಸಿ, ನೆಂಟರನ್ನು ಕರೆಯುವ ಮರ್ಯಾದೆಯಿಂದ ಕರೆಯತೊಡಗಿದ ಮೇಲೆ, ಎಫ್ರೆನ್ ಒಂದು ಸಂಜೆ ಫೋನಿನಲ್ಲಿ, ಪೀಠಿಕೆಯಿಲ್ಲದೆ, ಹೇಳಿದ:

"ಅವತ್ತು ನೀನು ಏನು ಕೇಳೋಕೆ ಬಂದಿದ್ದೆ ಅಂತ ಗೊತ್ತಿತ್ತು ಕಣೇ. ಕೇಳಿದ್ದಿದ್ರೆ ಹೋಗು ಅಂದುಬಿಡ್ತಿದ್ದೆ. ನೀನು ಹೋಗಿದ್ರೆ ಇಲ್ಲಿ ನನಗೆ ಯಾರೂ ಇರ್ತಿರಲಿಲ್ಲ. ಅದಕ್ಕೇ ಕೇಳೋಕೆ ಬಿಡಲಿಲ್ಲ."

ರೊವೆನಾ ಜಗಳವಾಡಲಿಲ್ಲ. ಅವನು ಎದ್ದುಹೋದಾಗ ಕೈ ಹಿಡಿದು ಕೂರಿಸಬಹುದಿತ್ತು. ಅಪ್ಪಣೆ ಕೇಳದೆ, ಹೋಗುತ್ತೇನೆ ಎಂದೂ ಅನ್ನಬಹುದಿತ್ತು. ಇದನ್ನು ಅವಳು ಅವನಿಗೆ ಹೇಳಲಿಲ್ಲ. ಅಜ್ಜಿಗೆ ಮಗ್ಗುಲು ಬದಲಿಸುವ ಹೊತ್ತಾಯಿತೆಂದು ಫೋನಿಟ್ಟು, ಎದ್ದು, ಅಜ್ಜಿಯ ಮಗ್ಗುಲು ಬದಲಿಸಿದಳು.

ಪರದೇಶದಲ್ಲಿ ದುಡಿಯುವ ನಮ್ಮಲ್ಲಿ ಇಂಥವರು ವಸತಿಗೃಹಕ್ಕೊಬ್ಬರು ಇದ್ದೇ ಇರುತ್ತಾರೆ. ಅವರಿದ್ದ ಕಡೆ ಕೆಲಸ ನಿಲ್ಲುವುದಿಲ್ಲ, ಯಾರ ಕಣ್ಣೂ ತೇವವಾಗುವುದಿಲ್ಲ. ಊರೇ ಅವರನ್ನು ಹರಸುತ್ತದೆ. ಅಳಬೇಕಾದ್ದನ್ನು ಅಳದೆ, ಆಡಬೇಕಾದ್ದನ್ನು ಆಡದೆ ಅವರ ಪಕ್ಕದಿಂದ ಎದ್ದುಹೋಗುವ ಸಂಕಟ ಮಾತ್ರ ಅವರ ಮನೆಯವರಿಗೇ ಗೊತ್ತು. ಪ್ರೀತಿ ಅವರಲ್ಲಿ ಯಾರಿಗಿಂತಲೂ ಕಡಿಮೆಯಿರುವುದಿಲ್ಲ. ಬಂದು ಕೂರಲು ಅದಕ್ಕೂ ಒಂದಿಷ್ಟು ತೆರವು ಬೇಕೆಂಬುದು ಅವರಿಗೆ ತಿಳಿಯುವ ಹೊತ್ತಿಗೆ ಮಕ್ಕಳು ದೊಡ್ಡವರಾಗಿಬಿಟ್ಟಿರುತ್ತಾರೆ.