ಒಂಬತ್ತೂವರೆ ಇಂಚಿನ ದಾರಿ

ಟೈಲರಮ್ಮ ಗ್ಲೋಬಿನ ನಡುವಿಗೆ ಟೇಪು ಸುತ್ತಿ, "ಮೂವತ್ತೆಂಟು. ಈ ಪ್ರಪಂಚ ನಿಮಗಿಂತ ನಾಲ್ಕಿಂಚು ಸಣ್ಣ ಇದೆ ಮೇಷ್ಟ್ರೇ" ಎಂದಳು. ಶಾಲೆಯ ಗ್ಲೋಬಿಗೆ ಧೂಳು ಕೂರದ ಹಾಗೆ ಗವಸು ಹೊಲಿಸಲು ಬಂದಿದ್ದ ಭೂಗೋಳದ ಮೇಷ್ಟ್ರು ಹೊಟ್ಟೆ ಒಳಗೆಳೆದುಕೊಂಡರು.

ಮೂಲೆಯಲ್ಲಿ ಇಸ್ತ್ರಿ ಮಾಡುತ್ತಿದ್ದ ಅವಳ ಗಂಡ ತಲೆ ಎತ್ತದೆಯೇ, "ಹಾಗೇ ನಿನ್ನ ತಂಗಿ ಊರನ್ನೂ ಅಳೆದುಬಿಡು. ಬಲು ದೂರ, ಬಲು ದೂರ ಅಂತ ಐದು ತಿಂಗಳಿಂದ ನನ್ನ ಕಿವಿ ತೂತು ಮಾಡಿದ್ದೀಯ" ಎಂದ.

ವಿಷಯ ಇಷ್ಟೇ. ತಂಗಿ ತಾನೇ ಮೆಚ್ಚಿದವನ ಜೊತೆ ಪರದೇಶಕ್ಕೆ ಹೊರಟ ದಿನ, "ಆರೇ ತಿಂಗಳಿಗೆ ಅಳ್ತಾ ವಾಪಸ್ ಬರ್ತೀಯ" ಎಂದು ಅಕ್ಕ ನಾಲಿಗೆ ಹರಿಬಿಟ್ಟಿದ್ದಳು. ತಂಗಿ ಅಳಲೂ ಇಲ್ಲ, ಬರಲೂ ಇಲ್ಲ. ಒಂಬತ್ತು ವರ್ಷ ಮಾತು ಬಿಟ್ಟಿದ್ದವಳು ಐದು ತಿಂಗಳ ಹಿಂದೆ ಕಾಗದ ಬರೆದಿದ್ದಳು: 'ನೀನು ಬಾ ಅಂದರೆ ಈ ರಜಕ್ಕೆ ಬರುತ್ತೇನೆ. ಅನ್ನದಿದ್ದರೆ ಇನ್ನು ಕೇಳುವುದಿಲ್ಲ.' ಬಾ ಎಂದು ಬರೆದ ಉತ್ತರ ಸ್ಟಾಂಪು ಹಚ್ಚಿಸಿಕೊಂಡು ಮಿಷನ್ನಿನ ಖಾನೆಯಲ್ಲಿ ಮಲಗಿತ್ತು. ಅಷ್ಟು ದೂರದಿಂದ ಮಕ್ಕಳನ್ನು ಕಟ್ಟಿಕೊಂಡು ಬರುವವರ ಪಾಡೇನು ಎಂಬುದು ಅಕ್ಕನ ನೆಪ.

ಮೇಷ್ಟ್ರು ಎರಡೂ ಊರುಗಳ ಮೇಲೆ ಬೆರಳಿಟ್ಟರು. ನಡುಪಟ್ಟಿ ಅಳೆದ ಅಭ್ಯಾಸ ನೋಡಿ, ಅವಳು ಟೇಪನ್ನು ಅಡ್ಡಗೆರೆಯ ಗುಂಟವೇ ಕೂರಿಸಿದಳು.

"ಹನ್ನೊಂದಿಂಚು! ಇಂಚಿಗೆಷ್ಟು ಮೇಷ್ಟ್ರೇ?"

"ಸಾವಿರ ಕಿಲೋಮೀಟರ್, ಮೇಲೆ ಚೂರು."

"ಅಬ್ಬಬ್ಬಾ! ನಾನು ಹೇಳ್ಲಿಲ್ವಾ?"

"ವಿಮಾನಕ್ಕೇನು ಪ್ಯಾಂಟು ಹೊಲೀತೀರಾ? ಅದು ನಡು ಸುತ್ತಲ್ಲಮ್ಮ, ಭುಜದ ಮೇಲಿಂದ ಹೋಗುತ್ತೆ. ಎರಡು ತುದಿ ಹಿಡಿದು ಬಿಗಿಯಾಗಿ ಎಳೀರಿ."

ಎಳೆದಳು. ಟೇಪು ಗೆರೆ ಬಿಟ್ಟು, ತಾನಾಗಿಯೇ ಮೇಲಕ್ಕೆ ಜಾರಿ, ಗ್ಲೋಬಿನ ಭುಜಕ್ಕೆ ಅಂಟಿ ನಿಂತಿತು. ಒಂಬತ್ತೂವರೆ.

"ಹತ್ತು ಸಾವಿರ ಕಿಲೋಮೀಟರ್" ಎಂದರು ಮೇಷ್ಟ್ರು. "ಗಂಟೆಗೆ ಒಂಬೈನೂರರ ಲೆಕ್ಕದಲ್ಲಿ ಹನ್ನೊಂದು ಗಂಟೆ ದಾರಿ."

"ಹನ್ನೊಂದೇನಾ?" ಅವಳ ದನಿ ಇಳಿಯಿತು. ಒಂದು ಕೋಟು ಹೊಲಿಯಲು ಅವಳು ಅದಕ್ಕಿಂತ ಹೆಚ್ಚು ಹೊತ್ತು ಕೂರುತ್ತಿದ್ದಳು.

"ನೋಡಿದ್ರಾ ಮೇಷ್ಟ್ರೇ, ಒಂದೂವರೆ ಇಂಚು ಕದ್ದು ಸಿಕ್ಕಿಬಿದ್ಲು!" ಎಂದ ಗಂಡ.

"ಸುಮ್ನಿರ್ರೀ." ಅವಳು ಟೇಪನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ದೂರ ಅಲ್ಲ ಕಣ್ರೀ. ಅವಳು ಬಂದು, ಆವತ್ತು ಹಾಗಂದ್ಯಲ್ಲಕ್ಕಾ ಅಂದ್ರೆ ಮುಖ ಎಲ್ಲಿಡ್ಲಿ?"

"ಅಂತಾಳೆ. ನಿನ್ನ ತಂಗಿ ತಾನೇ, ಬಿಡ್ತಾಳಾ? ಒಂದಿನ ಅಂತಾಳೆ, ಎರಡು ದಿನ ಅಂತಾಳೆ. ಆಮೇಲೆ ಅವಳಿಗೂ ಬೇಜಾರಾಗುತ್ತೆ. ಅನ್ನಿಸ್ಕೋ."

ಅವಳಿಗೆ ನಗು ಬಂತು. ಖಾನೆ ಎಳೆದು ಕಾಗದ ತೆಗೆದಳು.

"ನಿಮ್ಮ ಗವಸು ನಾಳೆ, ಮೇಷ್ಟ್ರೇ."

"ಇವತ್ತೇ ಅಂದಿದ್ರಲ್ಲಮ್ಮ!"

"ಪ್ರಪಂಚ ಇನ್ನೊಂದಿನ ಬರಿಮೈಲಿ ಇರ್ಲಿ ಬಿಡಿ, ಶೀತ ಆಗಲ್ಲ."

ಬೀದಿಯ ತಿರುವಿನ ಟಪಾಲು ಡಬ್ಬಿಯವರೆಗೆ ಬಿರಬಿರನೆ ನಡೆದಳು. ಕಾಗದವನ್ನು ಅರ್ಧ ತೂರಿಸಿ, ತುದಿಯನ್ನು ಎರಡು ಬೆರಳಲ್ಲಿ ಹಿಡಿದೇ ನಿಂತಳು. ಅವಳ ಬೆನ್ನ ಹಿಂದೆ ಕಾಗದ ಹಾಕಲು ನಿಂತಿದ್ದವರೊಬ್ಬರು ಗಂಟಲು ಸರಿಮಾಡಿಕೊಂಡರು. ಬೆರಳು ಬಿಟ್ಟಳು.